ಜ್ಞಾನದಾಸೋಹಿ ಮೈಕೆಲ್ ಫ್ಯಾರಡೆ

ವಿದ್ಯೆಯು ಗುರುಮುಖದಿಂದ ಬರತಕ್ಕುದೆಂಬುದು ನಮ್ಮ ಪರಂಪರೆಯ ನಂಬುಗೆ. ಆದರೆ ಗುರುವನ್ನು ಅರಸಿ ಹೋಗುವ ಶಕ್ತಿಯಾಗಲಿ, ಪುಸ್ತಕವನ್ನು ಕೊಳ್ಳುವ ಹಣವಾಗಲಿ ಇಲ್ಲದ ಬಡವನ ಮಗನಿಗೆ ಲೋಕಜ್ಞಾನವು ಎಲ್ಲಿಂದ ದೊರೆಯಬೇಕು? ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರವಿತ್ತ ಮಹನೀಯರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆಯು ಅಗ್ರಗಣ್ಯನು.

ಫ್ಯಾರಡೆಯು 1791ನೆಯ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿಯ ನ್ಯೂಯಿಂಗ್‌ಟನ್ ಎಂಬಲ್ಲಿ ಜನಿಸಿದನು. ತಂದೆ ಜೇಮ್ಸ್ ಕಮ್ಮಾರನು, ಸದಾ ಅನಾರೋಗ್ಯಪೀಡಿತನು. 1801ರ ಸುಮಾರಿಗೆ ಧಾನ್ಯದ ಬೆಲೆ ಏರಿದಾಗ, ಬಾಲಕನ ಪಾಲಿಗೆ ಬಂದ ಒಂದು ಬ್ರೆಡ್ಡು ವಾರವಿಡೀ ಸಾಲಬೇಕಾಗಿತ್ತೆಂದು ಪ್ರತೀತಿ. ಓದು, ಬರಹ, ಲೆಕ್ಕಗಳ ಮೊದಲ ಪಾಠಗಳಷ್ಟೇ ಆತನಿಗೆ ದೊರೆತ ಶಾಲಾಶಿಕ್ಷಣ. ಮನೆಯವರು ಸ್ಯಾಂಡಿಮನಿಯನ್ ಎಂಬ ಸಣ್ಣ ಕ್ರೈಸ್ತ ಪಂಥಕ್ಕೆ ಸೇರಿದವರು. ಸರಳ ಜೀವನ, ಧನಸಂಗ್ರಹದಲ್ಲಿ ಅನಾಸಕ್ತಿ, ಸಹಭಕ್ತರಿಗೆ ನೆರವು, ಇವು ಆ ಪಂಥದ ಆಚಾರಗಳು. ಈ ಸಂಸ್ಕಾರವು ಫ್ಯಾರಡೆಯನ್ನು ಕೊನೆಯವರೆಗೂ ಕಾಪಾಡಿತು.

1804ರಲ್ಲಿ ಬಾಲಕನು ಬ್ಲಾಂಡ್‌ಫರ್ಡ್ ಬೀದಿಯ ಪುಸ್ತಕ ವ್ಯಾಪಾರಿ ಜಾರ್ಜ್ ರೀಬೋನಲ್ಲಿ ಪತ್ರಿಕೆಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ಸೇರಿದನು. ಮರುವರ್ಷ ಅದೇ ಅಂಗಡಿಯಲ್ಲಿ ಏಳು ವರ್ಷಗಳ ಕರಾರಿನ ಮೇಲೆ ಪುಸ್ತಕ ಕಟ್ಟುವ ಕಸುಬನ್ನು ಕಲಿಯತೊಡಗಿದನು. ಹುಡುಗನ ಪ್ರಾಮಾಣಿಕತೆಯನ್ನು ಮೆಚ್ಚಿದ ರೀಬೋ, ಕಸುಬು ಕಲಿಸುವುದಕ್ಕಾಗಿ ವಾಡಿಕೆಯಂತೆ ಪಡೆಯಬೇಕಾದ ಹಣವನ್ನು ಕೇಳಲಿಲ್ಲ.

ಹಾಳೆಗಳನ್ನು ಮಡಿಚುವುದು, ಹೊಲಿಯುವುದು, ರಟ್ಟು ಕಟ್ಟುವುದು ಹಗಲಿನ ಕಾಯಕ. ಆದರೆ ಕೈಗೆ ಬಂದ ಪುಸ್ತಕವು ಕಣ್ಣನ್ನು ತಪ್ಪಿಸಿಕೊಂಡು ಹೋಗಲು ಫ್ಯಾರಡೆಯು ಬಿಡಲಿಲ್ಲ. ಕೆಲಸದ ವೇಳೆ ಮುಗಿದ ಮೇಲೆ, ತಾನು ಕಟ್ಟಿದುದನ್ನೇ ತೆರೆದು ಓದುತ್ತಿದ್ದನು. ಹೀಗೆ ಓದಿದವುಗಳಲ್ಲಿ ಮೂರು ಆತನ ಬಾಳಿನ ದಿಕ್ಕನ್ನು ನಿರ್ಣಯಿಸಿದುವು. ಬ್ರಿಟಾನಿಕಾ ವಿಶ್ವಕೋಶದ ವಿದ್ಯುಚ್ಛಕ್ತಿಯ ಲೇಖನವು ಕುತೂಹಲವನ್ನು ಕೆರಳಿಸಿತು. ಜೇನ್ ಮಾರ್ಸೆಟ್ ಎಂಬ ವಿದುಷಿಯು ಸಂವಾದರೂಪದಲ್ಲಿ ಬರೆದ ರಸಾಯನಶಾಸ್ತ್ರದ ಗ್ರಂಥವು ಶಾಸ್ತ್ರದ ಬಾಗಿಲನ್ನು ತೆರೆಯಿತು. ಐಸಾಕ್ ವಾಟ್ಸ್‌ನ ಬುದ್ಧಿಸಂಸ್ಕಾರದ ಗ್ರಂಥವು ಟಿಪ್ಪಣಿ ಬರೆಯುವುದು, ಉಪನ್ಯಾಸ ಕೇಳುವುದು, ಮಿತ್ರರೊಡನೆ ಪತ್ರಮುಖೇನ ಚರ್ಚಿಸುವುದು, ಮಾತನ್ನು ಅರ್ಥವರಿತು ಬಳಸುವುದು, ಇವೇ ಕಲಿಕೆಯ ಮಾರ್ಗವೆಂದು ತೋರಿಸಿಕೊಟ್ಟಿತು. ಫ್ಯಾರಡೆಯು ಇವೆಲ್ಲವನ್ನೂ ವ್ರತದಂತೆ ಆಚರಿಸಿದನು.

ಓದಿದುದೆಲ್ಲವೂ ಸತ್ಯವೆಂದು ಆತನು ನಂಬಿದವನಲ್ಲ. ಇದೇ ಆತನ ವೈಶಿಷ್ಟ್ಯ. ಗಾಜಿನ ಸೀಸೆ, ಮರದ ತುಂಡುಗಳಿಂದ ಸ್ವತಃ ವಿದ್ಯುದ್ಯಂತ್ರವನ್ನು ಹೂಡಿ, ಕೈಯಲ್ಲಿದ್ದ ಅಲ್ಪ ಕಾಸಿಗೆ ದೊರೆತ ದ್ರವ್ಯಗಳನ್ನು ತಂದು, ಗ್ರಂಥದ ಮಾತನ್ನು ಪರೀಕ್ಷಿಸಿಯೇ ಸ್ವೀಕರಿಸಿದನು. ಪುಸ್ತಕಜ್ಞಾನವು ಅನುಭವಜ್ಞಾನವಾದುದು ಹೀಗೆ.

1810ರಿಂದ ಜಾನ್ ಟೇಟಮ್ ಎಂಬಾತನು ತನ್ನ ಮನೆಯಲ್ಲಿ ನೀಡುತ್ತಿದ್ದ ವಿಜ್ಞಾನೋಪನ್ಯಾಸಗಳಿಗೆ ಫ್ಯಾರಡೆಯು ಹೋಗತೊಡಗಿದನು. ಒಂದೊಂದಕ್ಕೂ ಒಂದು ಶಿಲಿಂಗ್ ಶುಲ್ಕ. ಅದನ್ನು ಕೊಟ್ಟವನು ಕಮ್ಮಾರಿಕೆಯಲ್ಲಿದ್ದ ಅಣ್ಣ ರಾಬರ್ಟ್. 1812ರಲ್ಲಿ ಅಂಗಡಿಯ ಗಿರಾಕಿ ವಿಲಿಯಂ ಡಾನ್ಸ್, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯು ನೀಡಲಿದ್ದ ನಾಲ್ಕು ಉಪನ್ಯಾಸಗಳಿಗೆ ಪ್ರವೇಶಚೀಟಿಗಳನ್ನಿತ್ತನು. ಫ್ಯಾರಡೆಯು ಕೇಳಿದುದನ್ನೆಲ್ಲ ಚಿತ್ರಸಹಿತವಾಗಿ ವಿಸ್ತರಿಸಿ ಬರೆದು, ಸುಮಾರು 300 ಪುಟಗಳ ಆ ಬರಹಕ್ಕೆ ತಾನೇ ರಟ್ಟು ಕಟ್ಟಿ, ವರ್ಷಾಂತ್ಯದಲ್ಲಿ ಡೇವಿಗೆ ಕಳುಹಿಸಿದನು. ಕಲಿತ ಕಸುಬೇ ಆತನ ಅರ್ಜಿಯಾಯಿತು. 1813ನೆಯ ಮಾರ್ಚ್ 1ರಂದು ವಾರಕ್ಕೆ 25 ಶಿಲಿಂಗ್ ವೇತನದ ಮೇಲೆ ಪ್ರಯೋಗಶಾಲೆಯ ಸಹಾಯಕನಾಗಿ ನೇಮಕಗೊಂಡನು. ಅದೇ ವರ್ಷ ಡೇವಿಯೊಡನೆ ಯೂರೋಪ್ ಯಾತ್ರೆಗೆ ಹೊರಟಾಗ ಸೇವಕನ ಕೆಲಸವನ್ನೂ ಮಾಡಬೇಕಾಯಿತು. ಆ ಅಪಮಾನವನ್ನು ನುಂಗಿ, ಆಂಪಿಯರ್, ವೋಲ್ಟಾ ಮೊದಲಾದವರನ್ನು ಕಂಡು, ಜ್ಞಾನವನ್ನು ಮಾತ್ರ ಗಂಟು ಕಟ್ಟಿಕೊಂಡು ಮರಳಿದನು.

ಮುಂದಿನ ಸಾಧನೆಗಳು ಲೋಕವಿದಿತ. 1821ರಲ್ಲಿ ವಿದ್ಯುತ್ತಿನಿಂದ ನಿರಂತರ ಚಲನೆಯನ್ನು ಉಂಟುಮಾಡಿದನು. 1825ರಲ್ಲಿ ಬೆಂಜೀನನ್ನು ಬೇರ್ಪಡಿಸಿದನು. 1831ನೆಯ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ತಂತಿಸುರುಳಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ ಹರಿಯತೊಡಗಿದಾಗಲೂ ನಿಂತಾಗಲೂ ಇನ್ನೊಂದರಲ್ಲಿ ಕ್ಷಣಮಾತ್ರ ವಿದ್ಯುತ್ತು ಹುಟ್ಟುವುದನ್ನು ಕಂಡನು. ವಿದ್ಯುಜ್ಜನಕ ಯಂತ್ರಗಳ ಮೂಲತತ್ತ್ವವು ಈ ಶೋಧನೆಯಲ್ಲಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಬಲದಿಂದ ತಿರುಗಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒದಗಿಸಿದ ಯಂತ್ರಗಳೂ ಈ ತತ್ತ್ವವನ್ನೇ ಆಶ್ರಯಿಸಿದ್ದುವು.

ಸ್ವಯಂಶಿಕ್ಷಣಕ್ಕೆ ಮಿತಿಯೂ ಉಂಟು. ಉನ್ನತ ಗಣಿತವು ಫ್ಯಾರಡೆಗೆ ಕೊನೆಯವರೆಗೂ ಒಲಿಯಲಿಲ್ಲ. ಆತನು ಮನಸ್ಸಿನಲ್ಲಿ ಕಂಡ ಬಲರೇಖೆಗಳಿಗೆ ಗಣಿತದ ರೂಪವನ್ನಿತ್ತವನು ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ತನ್ನ ಶೋಧನೆಗಳಿಗೆ ತಕ್ಕ ಪದಗಳು ಬೇಕಾದಾಗ ಫ್ಯಾರಡೆಯು ಕೇಂಬ್ರಿಜ್ಜಿನ ವಿದ್ವಾಂಸ ವಿಲಿಯಂ ಹ್ಯೂವೆಲ್‌ನ ಸಲಹೆಯನ್ನು ಬೇಡಿದನು. ಆನೋಡ್, ಕ್ಯಾಥೋಡ್, ಅಯಾನ್ ಎಂಬ ಗ್ರೀಕ್ ಮೂಲದ ಪದಗಳು 1834ರಲ್ಲಿ ಬಳಕೆಗೆ ಬಂದುದು ಹೀಗೆ. ಅರಿಯದುದನ್ನು ಅರಿತವರಲ್ಲಿ ಕೇಳಲು ಆತನು ನಾಚಲಿಲ್ಲ.

ಪಡೆದ ಜ್ಞಾನವನ್ನು ಬಚ್ಚಿಡುವುದು ಆತನ ಸ್ವಭಾವವಲ್ಲ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಶುಕ್ರವಾರದ ಸಂಜೆಯ ಉಪನ್ಯಾಸಗಳನ್ನು ನೆಲೆಗೊಳಿಸಿದನು. ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳಿಗಾಗಿ ನಡೆಯುವ ಉಪನ್ಯಾಸಮಾಲೆಯನ್ನು 1827ರಿಂದ 1860ರೊಳಗೆ 19 ಬಾರಿ ತಾನೇ ನಡೆಸಿದನು. ಅವುಗಳಲ್ಲಿ ಉರಿಯುವ ಮೇಣದಬತ್ತಿಯೊಂದನ್ನೇ ಮುಂದಿಟ್ಟುಕೊಂಡು ದಹನ, ವಾಯು, ನೀರು, ಉಸಿರಾಟಗಳ ರಹಸ್ಯವನ್ನು ಬಿಡಿಸಿಟ್ಟ ಮಾಲೆಯು 1861ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ವಿಶ್ವಕೋಶದಿಂದ ಕಲಿತವನು ಮಕ್ಕಳ ಪಾಲಿಗೆ ತಾನೇ ವಿಶ್ವಕೋಶವಾದನು. ಇದಲ್ಲವೆ ಜ್ಞಾನದಾಸೋಹ!

ನೈಟ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷಸ್ಥಾನವನ್ನೂ ಒಲ್ಲೆನೆಂದ ಫ್ಯಾರಡೆಯು, ಕೀರ್ತಿಯ ಶಿಖರದಲ್ಲಿಯೂ ಜೇನ್ ಮಾರ್ಸೆಟ್‌ಳನ್ನು ತನ್ನ ಮೊದಲ ಗುರುವೆಂದು ಸ್ಮರಿಸಿ, ತನ್ನ ಲೇಖನಗಳನ್ನು ಆಕೆಗೆ ಕಳುಹಿಸಿಕೊಡುತ್ತಿದ್ದನು. 1867ನೆಯ ಆಗಸ್ಟ್ 25ರಂದು, ವಿಕ್ಟೋರಿಯಾ ರಾಣಿಯು ಹ್ಯಾಂಪ್ಟನ್ ಕೋರ್ಟಿನಲ್ಲಿ ನೀಡಿದ್ದ ಮನೆಯಲ್ಲಿ ದೇಹವಿಟ್ಟನು.

ಅಂಗಡಿಯ ಯಜಮಾನನೊಬ್ಬನ ಔದಾರ್ಯ, ಅಣ್ಣನ ಶಿಲಿಂಗ್, ಗಿರಾಕಿಯೊಬ್ಬನ ನಾಲ್ಕು ಚೀಟಿಗಳು: ಕೊಟ್ಟವರಿಗೆ ಇವು ಅಲ್ಪ, ಪಡೆದವನಿಗೆ ಸರ್ವಸ್ವ. ಬಡ ವಿದ್ಯಾರ್ಥಿಯ ಕೈಗೆಟಕುವಂತೆ ಪುಸ್ತಕವೊಂದನ್ನು ಇರಿಸುವ ದಾನಿಗೂ, ಅದನ್ನು ತೆರೆದು ಓದುವಂತೆ ಪ್ರೇರಿಸುವ ಉಪಾಧ್ಯಾಯನಿಗೂ ಅದರ ಫಲವು ಯಾವಾಗ, ಎಲ್ಲಿ ಕಾಣಿಸಿಕೊಂಡೀತೆಂಬುದು ತಿಳಿಯದು. ತಿಳಿಯದಿದ್ದರೂ ಮಾಡತಕ್ಕ ಪುಣ್ಯಕಾರ್ಯವದು.