ಧೂಳನ್ನು ಊದಿದರೆ ಹೋಗುತ್ತದೆಯೇ? ಹ್ಯೂಬರ್ಟ್ ಸೆಸಿಲ್ ಬೂತ್ ಎತ್ತಿದ ಪ್ರಶ್ನೆ

ಬೆಳಿಗ್ಗೆ ಮನೆಯೆಲ್ಲ ಗುಡಿಸಿ, ಕಪಾಟು ಕೊಡವಿ ಕೂತಿರುತ್ತೇವೆ. ಸಂಜೆಯ ಹೊತ್ತಿಗೆ ಮೇಜಿನ ಮೇಲೆ ಮತ್ತೆ ತೆಳುವಾದ ಪದರ! ಹಳೆಯ ಮನೆಯಲ್ಲಿರುವವರಿಗೆ ಇದು ದಿನದ ಪಾಡು. ಧೂಳೆಲ್ಲ ಹೊರಗಿನಿಂದಲೇ ಬರುತ್ತದೆ ಎಂದು ನಾವು ದೂರುತ್ತೇವೆ. ಆದರೆ ಅದರಲ್ಲಿ ಒಂದು ಪಾಲು, ಬೆಳಿಗ್ಗೆ ನಾವೇ ಎಬ್ಬಿಸಿದ ಧೂಳು. ಇದನ್ನು ಗಮನಿಸಿ ಒಂದು ಯಂತ್ರವನ್ನೇ ಕಟ್ಟಿದವರು ಇಂಗ್ಲೆಂಡಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್.

ಬೂತ್ ಹುಟ್ಟಿದ್ದು 1871ರಲ್ಲಿ, ಗ್ಲೌಸ್ಟರ್‌ನಲ್ಲಿ. ಲಂಡನ್ನಿನಲ್ಲಿ ಎಂಜಿನಿಯರಿಂಗ್ ಓದಿದ ಅವರು ಮೊದಲು ಕೆಲಸ ಮಾಡಿದ್ದು ಹಡಗಿನ ಎಂಜಿನ್‌ಗಳ ಮೇಲೆ. ನಂತರ ಬ್ಲ್ಯಾಕ್‌ಪೂಲ್, ವಿಯೆನ್ನಾ ಮತ್ತು ಪ್ಯಾರಿಸ್‌ನ ದೈತ್ಯ ತಿರುಗು ಚಕ್ರಗಳ ವಿನ್ಯಾಸದಲ್ಲಿ ತೊಡಗಿದರು. ಮನೆಯ ಕಸಕ್ಕೂ ಅವರಿಗೂ ಅಲ್ಲಿಯವರೆಗೆ ಯಾವ ನಂಟೂ ಇರಲಿಲ್ಲ.

ಕರವಸ್ತ್ರದ ಪ್ರಯೋಗ

1901ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ಸ್ವಚ್ಛತಾ ಯಂತ್ರವೊಂದರ ಪ್ರದರ್ಶನವನ್ನು ಬೂತ್ ನೋಡಿದರು. ಅದು ಕಾರ್ಪೆಟ್ ಮೇಲೆ ಜೋರಾಗಿ ಗಾಳಿ ಊದುತ್ತಿತ್ತು. ಎದ್ದ ಧೂಳು ಪೆಟ್ಟಿಗೆಯೊಳಗೆ ಬೀಳಬೇಕಿತ್ತು. ಬಹುಪಾಲು ಬೀಳುತ್ತಿರಲಿಲ್ಲ. ಊದುವ ಬದಲು ಎಳೆದುಕೊಂಡರೆ ಆಗದೇ ಎಂದು ಬೂತ್ ಕೇಳಿದಾಗ, ಯಂತ್ರದ ಒಡೆಯ ಅದು ಸಾಧ್ಯವೇ ಇಲ್ಲವೆಂದು ತಳ್ಳಿಹಾಕಿದ.

ಬೂತ್ ಅಷ್ಟಕ್ಕೇ ಬಿಡಲಿಲ್ಲ. ಉಪಾಹಾರ ಗೃಹವೊಂದರಲ್ಲಿ ಮೆತ್ತನೆಯ ಆಸನಕ್ಕೆ ಕರವಸ್ತ್ರ ಹಿಡಿದು ಬಾಯಿಯಿಂದಲೇ ಗಾಳಿ ಎಳೆದರು. ಉಸಿರು ಕಟ್ಟಿ ಕೆಮ್ಮು ಬಂತು. ಆದರೆ ಬಟ್ಟೆಯ ಮೇಲೆ ಕಪ್ಪು ಕಲೆ ಮೂಡಿತ್ತು. ಗಾಳಿ ದಾಟುತ್ತದೆ, ಧೂಳು ಬಟ್ಟೆಯಲ್ಲಿ ಉಳಿಯುತ್ತದೆ! ಅದೇ ವರ್ಷ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದರು.

ಮೊದಲ ಯಂತ್ರ ಮನೆಯೊಳಗೆ ಹಿಡಿಸುವಂತೆಯೇ ಇರಲಿಲ್ಲ. ಪೆಟ್ರೋಲ್ ಎಂಜಿನ್ ಹೊತ್ತ ಗಾಡಿಯನ್ನು ಕುದುರೆಗಳು ಎಳೆದು ತಂದು ಬೀದಿಯಲ್ಲಿ ನಿಲ್ಲಿಸುತ್ತಿದ್ದವು. ಕಿಟಕಿಯಿಂದ ಉದ್ದನೆಯ ಕೊಳವೆಗಳು ಒಳಗೆ ಹೋಗುತ್ತಿದ್ದವು. ಅದರ ಸದ್ದಿಗೆ ಬೀದಿಯ ಕುದುರೆಗಳು ಬೆದರುತ್ತಿದ್ದವೆಂದು ದೂರುಗಳೂ ಬಂದವು. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್‌ಗಳನ್ನು ಇದರಿಂದಲೇ ಶುಚಿಗೊಳಿಸಿದ ಮೇಲೆ ಹೆಸರು ಹಬ್ಬಿತು.

ಒಂದು ಕಥೆ, ಒಂದು ಎಚ್ಚರಿಕೆ

ಮೊದಲ ಮಹಾಯುದ್ಧದಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ತಂಗಿದ್ದ ನೌಕಾಪಡೆಯವರಿಗೆ ಮಿದುಳುಪೊರೆಯ ಜ್ವರ ತಗುಲಿತು. ಬೂತ್ ಅವರ ಯಂತ್ರಗಳು ಅಲ್ಲಿಂದ 26 ಟನ್ ಧೂಳು ತೆಗೆದವು, ರೋಗ ನಿಂತಿತು ಎಂಬ ಕಥೆ ಇಂದಿಗೂ ಓಡಾಡುತ್ತದೆ. ಇಲ್ಲಿ ನಾವು ತುಸು ನಿಲ್ಲಬೇಕು. ಆ ಸೋಂಕು ಮುಖ್ಯವಾಗಿ ಹರಡುವುದು ಕೆಮ್ಮು, ಎಂಜಲು ಮತ್ತು ಒತ್ತೊತ್ತಾದ ವಾಸದಿಂದ. ಒಂದರ ನಂತರ ಇನ್ನೊಂದು ಆದ ಮಾತ್ರಕ್ಕೆ ಮೊದಲನೆಯದೇ ಕಾರಣವಾಗದು. ಧೂಳಿನ ನಿಜವಾದ ತೊಂದರೆ ಬೇರೆ: ಅದರಲ್ಲಿನ ಸೂಕ್ಷ್ಮ ಹುಳಗಳ ಹಿಕ್ಕೆ ಅಲರ್ಜಿ ಮತ್ತು ಆಸ್ತಮಾವನ್ನು ಕೆರಳಿಸುತ್ತದೆ.

ನಮ್ಮ ಮನೆಗೆ ಏನು ಪಾಠ?

ಅಲುಗಾಡದ ಗಾಳಿಯಲ್ಲಿ 10 ಮೈಕ್ರಾನ್ ಗಾತ್ರದ ಕಣ ನಮ್ಮ ಎದೆಮಟ್ಟದಿಂದ ನೆಲಕ್ಕಿಳಿಯಲು ಕೆಲವು ನಿಮಿಷ ಸಾಕು. 1 ಮೈಕ್ರಾನ್ ಕಣಕ್ಕೆ ಹತ್ತಕ್ಕೂ ಹೆಚ್ಚು ಗಂಟೆ ಬೇಕು. ಒಣ ಪೊರಕೆಯಿಂದ ರಭಸವಾಗಿ ಗುಡಿಸಿದಾಗ ಸಣ್ಣ ಕಣಗಳು ಅಷ್ಟು ಹೊತ್ತು ನಮ್ಮ ಉಸಿರಿನ ಮಟ್ಟದಲ್ಲೇ ತೇಲುತ್ತವೆ. ಹಾಗಾಗಿ ಒದ್ದೆ ಬಟ್ಟೆಯಲ್ಲಿ, ಮೇಲಿನಿಂದ ಕೆಳಕ್ಕೆ ಒರೆಸುವುದು ಲೇಸು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಹೆಪಾ ಫಿಲ್ಟರ್ ಇರುವುದನ್ನು ಬಳಸಿ. ಇಲ್ಲವಾದರೆ ಎಳೆದ ನುಣುಪು ಧೂಳು ಹಿಂಬದಿಯಿಂದ ಹೊರಬರಬಹುದು. ಹಳೆಯ ಬಣ್ಣ ಉದುರುತ್ತಿದ್ದರೆ ಒಣಗಿದ್ದಾಗ ಕೆರೆಯಬೇಡಿ. ಅದರಲ್ಲಿ ಸೀಸವಿರಬಹುದು, ಮಕ್ಕಳಿಗೆ ಅದು ವಿಷ.

ಬೂತ್ 1955ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅಮೆರಿಕದ ಹೂವರ್ ಕಂಪನಿಯ ಪುಟ್ಟ ಯಂತ್ರಗಳು ಮನೆಮನೆ ಸೇರಿ, ಬ್ರಿಟನ್ನಿನ ಆಡುಮಾತಿನಲ್ಲಿ ಆ ಕೆಲಸಕ್ಕೇ ಹೂವರ್ ಎಂಬ ಹೆಸರು ನಿಂತುಬಿಟ್ಟಿತ್ತು. ಹೆಸರು ಯಾರದಾದರೂ ಆಗಲಿ, ಧೂಳನ್ನು ಎಬ್ಬಿಸುವುದು ಬೇರೆ, ತೆಗೆಯುವುದು ಬೇರೆ ಎಂಬುದನ್ನು ಬೂತ್ ಅವರ ಆ ಕರವಸ್ತ್ರ ತೋರಿಸಿಕೊಟ್ಟಿತು.