ಹಾಕಿ ಮಾಂತ್ರಿಕ ಮೇಜರ್ ಧ್ಯಾನಚಂದ್

ಆಗಸ್ಟ್ 29 ರಾಷ್ಟ್ರೀಯ ಕ್ರೀಡಾ ದಿನ ಅಂತ ನಮಗೆಲ್ಲಾ ಗೊತ್ತದ. ಅದು ಯಾರು ಹುಟ್ಟಿದ ದಿನ, ಅವರು ಅಷ್ಟು ದೊಡ್ಡ ಆಟಗಾರ ಹ್ಯಾಂಗ ಆದರು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಅದಕ್ಕೇ ಈ ಸಲ ನಾನು ಅವರ ಬಗ್ಗೆ ಬರೆದೀನಿ.

ಧ್ಯಾನಚಂದರು 1905ರ ಆಗಸ್ಟ್ 29ರಂದು ಅಲಹಾಬಾದಿನಲ್ಲಿ ಜನಿಸಿದರು. ಮೂಲ ಹೆಸರು ಧ್ಯಾನ್ ಸಿಂಗ್. ತಂದೆ ಸೋಮೇಶ್ವರ ಸಿಂಗ್ ಸೈನ್ಯದಲ್ಲಿದ್ದರು. ತಂದೆಗೆ ವರ್ಗ ಆದಂಗೆಲ್ಲ ಊರು ಬಿಡಬೇಕಾಗಿ, ಮಗನ ಸಾಲಿ ಆರು ವರ್ಷಕ್ಕೇ ನಿಂತಿತು. ಕಡೆಗೆ ಅವರ ಮನೆತನ ಝಾನ್ಸಿಯಲ್ಲಿ ನೆಲೆಸಿತು. ಸಣ್ಣವರಿದ್ದಾಗ ಧ್ಯಾನಚಂದರಿಗೆ ಹಾಕಿ ಹುಚ್ಚು ಇರಲೇ ಇಲ್ಲ, ಕುಸ್ತಿ ಅಂದ್ರ ಪ್ರೀತಿ! ಇದನ್ನು ಓದಿ ನನಗೆ ಆಶ್ಚರ್ಯ ಆಯಿತು.

1922ರಲ್ಲಿ ಅವರು ಸೈನ್ಯಕ್ಕೆ ಸೇರಿ ಸಿಪಾಯಿ ಆದರು. ಅಲ್ಲಿ ಬಾಲೆ ತಿವಾರಿ ಎಂಬ ಸುಬೇದಾರ್ ಮೇಜರ್ ಇದ್ದರು. ಈ ಹುಡುಗನ ಕೈಗೆ ಸ್ಟಿಕ್ ಕೊಟ್ಟು ಹಾಕಿಯ ಮೊದಲ ಪಾಠ ಹೇಳಿದವರು ಅವರೇ. ಹಗಲೆಲ್ಲಾ ಸಿಪಾಯಿ ಕೆಲಸ. ರಾತ್ರಿ ದೀಪ ಇಲ್ಲದ ಮೈದಾನದಾಗ ಚಂದ್ರ ಮೂಡೋದನ್ನೇ ಕಾಯ್ದು ಅಭ್ಯಾಸ ಮಾಡತಿದ್ದರಂತ. ಅದಕ್ಕೇ ಜೊತೆಯವರು ಚಂದ್ ಅಂತ ಕರೆದರು ಎಂದು ಹೇಳ್ತಾರ.

ನಾಲ್ಕು ವರ್ಷ ಸೈನ್ಯದ ಪಂದ್ಯಗಳಲ್ಲೇ ಪಳಗಿದರು. 1926ರಲ್ಲಿ ಸೈನ್ಯದ ತಂಡ ನ್ಯೂಜಿಲೆಂಡಿಗೆ ಹೋದಾಗ ಅವರೂ ಹೋದರು. 21 ಪಂದ್ಯಗಳಲ್ಲಿ 18 ಗೆದ್ದು ಬಂದರು. 1928ರಲ್ಲಿ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿಗೆ ಹೊರಟಾಗ ಮುಂಬಯಿ ಬಂದರಿನಲ್ಲಿ ಬೀಳ್ಕೊಡಲು ಬಂದವರು ಮೂರೇ ಮಂದಿ! ಅಲ್ಲಿ ಧ್ಯಾನಚಂದರೊಬ್ಬರೇ 14 ಗೋಲು ಹೊಡೆದರು. ಚಿನ್ನ ಗೆದ್ದು ಬಂದಾಗ ಅದೇ ಬಂದರಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. 1932ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅಮೆರಿಕವನ್ನು 24-1ರಿಂದ ಸೋಲಿಸಿದರು. ಅದರಲ್ಲಿ ತಮ್ಮ ರೂಪ್ ಸಿಂಗರದು 10 ಗೋಲು, ಅಣ್ಣನದು 8. 1936ರಲ್ಲಿ ಬರ್ಲಿನ್ನಿನಲ್ಲಿ ಧ್ಯಾನಚಂದರೇ ನಾಯಕರು. ಮೊದಲು ಅಭ್ಯಾಸ ಪಂದ್ಯದಲ್ಲಿ ಜರ್ಮನಿಗೆ ಸೋತಿದ್ದರು. ಆದರೆ ಆಗಸ್ಟ್ 15ರ ಫೈನಲ್ಲಿನಲ್ಲಿ ಅದೇ ಜರ್ಮನಿಯನ್ನು 8-1ರಿಂದ ಸೋಲಿಸಿದರು. ಹೀಗೆ ಮೂರು ಚಿನ್ನ.

ಆ ಕಾಲದಾಗ ಹಾಕಿ ಆಡಿದ್ದಕ್ಕ ಸಂಬಳ ಇರಲಿಲ್ಲ. ಹೊಟ್ಟಿಗೆ ಹಾಕಿದ್ದು ಸೈನ್ಯದ ನೌಕರಿ. 1956ರಲ್ಲಿ ಮೇಜರ್ ಆಗಿ ನಿವೃತ್ತರಾದರು. ಅದೇ ವರ್ಷ ಪದ್ಮಭೂಷಣ ಬಂತು. ಮುಂದೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಹಾಕಿ ತರಬೇತುದಾರರಾದರು. ತಿವಾರಿ ತಮಗೆ ಕಲಿಸಿದ್ದನ್ನು ಅವರು ಬೇರೆಯವರಿಗೆ ಕಲಿಸಿದರು.

ಆದರೆ ಕೊನೆಗಾಲದಲ್ಲಿ ಅವರಿಗೆ ರೊಕ್ಕದ ಅಡಚಣಿ ಇತ್ತು. ಹಾಕಿಯಿಂದ ಮನೆ ನಡೆಯೋದಿಲ್ಲ ಅಂತ ಸ್ವಂತ ಮಕ್ಕಳಿಗೇ ಆಟ ಬ್ಯಾಡ ಅಂದಿದ್ದರು ಎಂದು ಮಗ ಅಶೋಕ್ ಕುಮಾರ್ ಹೇಳಿದ್ದಾರೆ. ಇಡೀ ಲೋಕ ಹೊಗಳಿದ ಆಟಗಾರ ಹಿಂಗ ಹೇಳಬೇಕಾಯಿತಲ್ಲ ಅಂತ ನನಗೆ ಭಾಳ ಕೆಟ್ಟನಿಸಿತು. ಆದರೂ ಅಶೋಕ್ ಕುಮಾರ್ ಆಡಿದರು. ಅವರಿಗೆ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ನೌಕರಿ ಸಿಕ್ಕಿತು. 1975ರ ವಿಶ್ವಕಪ್ ಫೈನಲ್ಲಿನಲ್ಲಿ ಪಾಕಿಸ್ತಾನದ ಮೇಲೆ ಗೆಲುವಿನ ಗೋಲು ಹೊಡೆದವರು ಅವರೇ. 1979ರ ಡಿಸೆಂಬರ್ 3ರಂದು ಧ್ಯಾನಚಂದರು ದಿಲ್ಲಿಯಲ್ಲಿ ತೀರಿಕೊಂಡರು.

ಆ 1975ರ ತಂಡದಾಗ ನಮ್ಮ ರಾಜ್ಯದ ಬಿ.ಪಿ. ಗೋವಿಂದ ಇದ್ದರು. ಅವರು ಕೊಡಗಿನವರು. ಕೊಡಗಿನಾಗ ಮನೆತನಕ್ಕೊಂದು ತಂಡ ಕಟ್ಟಿ ಆಡ್ತಾರ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದ ಆ ಪಂದ್ಯಾವಳಿಯಲ್ಲಿ ಮೊದಲ ವರ್ಷವೇ 60 ಮನೆತನ ಆಡಿದವು. ಅಲ್ಲಿ ಮಕ್ಕಳಿಗೆ ಮನಿಯೇ ಮೊದಲ ಸಾಲಿ.

ನಮ್ಮ ರಾವೂರ ಕಡಿ ಹಾಕಿ ಸ್ಟಿಕ್ ಹಿಡಿದವರು ಕಡಿಮಿ. ಫರಸಿ ಕಲ್ಲಿನ ನೆಲ ನಮ್ಮದು. ಆದರೆ ಗಾಳಿಯಂಗ ಓಡೋ ಹುಡುಗ ಹುಡುಗಿಯರು ನಮ್ಮ ಸಾಲ್ಯಾಗೂ ಅದಾರ. ಹದಿನೇಳನೇ ವಯಸ್ಸಿಗೆ ಕುಸ್ತಿ ಹುಡುಗನೊಬ್ಬ ಹಾಕಿ ಕಲಿತು ಜಗತ್ತು ಗೆದ್ದರೆ, ನಮಗೂ ಹೊತ್ತು ಮೀರಿಲ್ಲ. ಈಗ ರಾಜ್ಯ ಸರ್ಕಾರದ ಕ್ರೀಡಾ ವಸತಿ ನಿಲಯಗಳು ಅವ. ಆಟಗಾರರಿಗೆ ನೌಕರಿಯೂ ಸಿಗ್ತಾವ. 2013ರಲ್ಲಿ ಶುರುವಾದ ಹಾಕಿ ಇಂಡಿಯಾ ಲೀಗಿನಲ್ಲಿ ಆಡಿದ್ದಕ್ಕೇ ರೊಕ್ಕ ಕೊಟ್ಟರು. ಅಲ್ಲಿ ಮುಟ್ಟಬೇಕಾದ್ರ ಮೊದಲು ಒಬ್ಬರು ನಮ್ಮನ್ನ ಗುರುತಿಸಬೇಕು.

ಗುರುಗಳೇ, ನಮ್ಮೊಳಗೊಬ್ಬ ಧ್ಯಾನಚಂದ ಇರಬಹುದು. ನೀವು ಬಾಲೆ ತಿವಾರಿ ಆಗ್ರಿ ಅಂತ ಕೈಮುಗಿದು ಕೇಳ್ತೀನಿ.