ಹರ್ಮನ್ ಮೋಗ್ಲಿಂಗ್: ಮಿಷನ್ ಶಾಲೆ, ಮಗು ಮತ್ತು ಕನ್ನಡ

ಕನ್ನಡ ಸಾಹಿತ್ಯ ಚರಿತ್ರೆಗಳಲ್ಲಿ ಹರ್ಮನ್ ಮೋಗ್ಲಿಂಗ್ (1811–1881) ಅವರು ಮೊದಲ ಕನ್ನಡ ಪತ್ರಿಕೆಯ ಸಂಪಾದಕರೆಂದೂ ಪ್ರಾಚೀನ ಕೃತಿಗಳ ಪ್ರಕಾಶಕರೆಂದೂ ಪರಿಚಿತರು. ಅವರು ಮೊದಲಿಗೆ ಮಕ್ಕಳ ಉಪಾಧ್ಯಾಯರಾಗಿದ್ದರೆಂಬ ಸಂಗತಿ ಹಿನ್ನೆಲೆಗೆ ಸರಿದಿದೆ. ಅವರ ಬದುಕನ್ನು ಆ ನೆಲೆಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಜರ್ಮನಿಯ ಬ್ರಾಕೆನ್‌ಹೈಮ್‌ನಲ್ಲಿ ಜನಿಸಿ ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರವನ್ನು ಅಭ್ಯಸಿಸಿದ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದರು. ಬಾಸೆಲ್ ಮಿಷನ್ ಅಲ್ಲಿ ನೆಲೆಯೂರಿ ಎರಡು ವರ್ಷಗಳಷ್ಟೇ ಕಳೆದಿದ್ದವು. ಅವರು ಎದುರಿಸಿದ ಮೊದಲ ತೊಡಕು ಮತದ್ದಲ್ಲ, ಮಾತಿನದು. ಕರಾವಳಿಯ ಭಾಷಾಸ್ಥಿತಿ ಸರಳವಾಗಿರಲಿಲ್ಲ. ಉತ್ತರದ ಬೈಂದೂರು, ಕುಂದಾಪುರಗಳಲ್ಲಿ ಮನೆಯಂಗಳದ ಮಾತು ಕನ್ನಡವೇ ಆದರೂ ಅದು ಗ್ರಂಥಸ್ಥ ಕನ್ನಡಕ್ಕಿಂತ ಭಿನ್ನವಾದ ಕುಂದಗನ್ನಡ. ಬ್ರಹ್ಮಾವರದ ಸುತ್ತ ಕನ್ನಡ, ತುಳುಗಳು ಪರಸ್ಪರ ಸಂಧಿಸುತ್ತವೆ. ಮಂಗಳೂರಿನಲ್ಲಾದರೋ ಮಗುವಿನ ತಾಯ್ನುಡಿ ಬಹುಮಟ್ಟಿಗೆ ತುಳು ಅಥವಾ ಕೊಂಕಣಿ. ಹೀಗಾಗಿ ಜರ್ಮನ್ ತಾಯ್ನುಡಿಯ ಗುರು ಮತ್ತು ತುಳು ತಾಯ್ನುಡಿಯ ಶಿಷ್ಯ ಇಬ್ಬರೂ ಕಲಿತು ಪಡೆದ ಕನ್ನಡದಲ್ಲಿಯೇ ಭೇಟಿಯಾಗಬೇಕಿತ್ತು. ಗುರುವಿನ ಅಧಿಕಾರ ಕಡಿಮೆಯಾಗದಿದ್ದರೂ, ಭಾಷೆಯ ಮಟ್ಟಿಗೆ ಇಬ್ಬರೂ ವಿದ್ಯಾರ್ಥಿಗಳೇ ಆಗಿದ್ದರು.

ಮಿಷನ್ನಿನ ಸಹೋದ್ಯೋಗಿ ಗ್ರೈನರ್ ತುಳುವಿನತ್ತ ಹೊರಳಿದರು. ತುಳು ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಮೋಗ್ಲಿಂಗ್ ಕನ್ನಡವನ್ನೇ ನೆಚ್ಚಿದರು. ವಸತಿಶಾಲೆಯ ಬಾಲಕರೊಡನೆ ಬದುಕನ್ನು ಹಂಚಿಕೊಂಡು, ಪಾಠದ ಹೊತ್ತಿನಾಚೆಗೂ ಅವರ ಒಡನಾಟದಲ್ಲಿದ್ದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಬಂದ ‘ಮಂಗಳೂರು ಸಮಾಚಾರ’ದ ಸರಳ ಗದ್ಯವನ್ನೂ, ಅನಂತರದ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯ ಗಾದೆ, ದಾಸರ ಪದಗಳ ಪ್ರಕಟಣೆಯನ್ನೂ ಈ ಒಡನಾಟದ ಹಿನ್ನೆಲೆಯಲ್ಲಿ ಓದಲು ಸಾಧ್ಯವಿದೆ. ಜನರ ನಾಲಗೆಯ ಮೇಲಿರುವುದನ್ನು ಅರಿಯದೆ ಅವರ ಮಕ್ಕಳಿಗೆ ಕಲಿಸಲಾಗದು ಎಂಬ ತಿಳಿವಳಿಕೆ ಅಲ್ಲಿದೆ.

ಈ ಸಾಮೀಪ್ಯಕ್ಕೆ ಇನ್ನೊಂದು ಮುಖವೂ ಇತ್ತು. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ಕ್ರೈಸ್ತ ದೀಕ್ಷೆ ಪಡೆದಾಗ ನಗರ ಕ್ಷೋಭೆಗೊಂಡಿತು. ಮೋಗ್ಲಿಂಗ್ ಅವರನ್ನು ಮಗನಂತೆ ಕಂಡರು, 1846ರಲ್ಲಿ ತಮ್ಮೊಡನೆ ಯುರೋಪಿಗೆ ಕರೆದೊಯ್ದರು. ಶಾಲೆ ಒಬ್ಬ ತಂದೆಯನ್ನು ದೊರಕಿಸಿದ್ದು ನಿಜ. ಹುಟ್ಟಿದ ಮನೆಯ ಬಾಗಿಲು ಮುಚ್ಚಿದ್ದೂ ಅಷ್ಟೇ ನಿಜ. ಮೋಗ್ಲಿಂಗರ ವಾತ್ಸಲ್ಯವನ್ನು ಶಂಕಿಸಬೇಕಿಲ್ಲ. ಆದರೆ ಅದು ಮತಾಂತರದ ಉದ್ದೇಶದಿಂದ ಬೇರೆಯಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

1853ರಿಂದ ಅವರ ಕಾರ್ಯಕ್ಷೇತ್ರ ಕೊಡಗಿಗೆ ಬದಲಾಯಿತು. ಅಲ್ಲಿಯೂ ಮನೆಮಾತು ಬೇರೆ, ಶಾಲೆಯ ಮಾತು ಬೇರೆ. 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಅವರು ದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ತಂದರು. ಮಕ್ಕಳಿಗೆ ಕಲಿಸಲು ಬಂದವರು ಕಲಿತದ್ದನ್ನು ತಮ್ಮ ಊರಿಗೆ ಒಯ್ದರು.

ಮಿಷನರಿಗಳ ಕನ್ನಡ ಸೇವೆಯನ್ನು ಅಚ್ಚಾದ ಪುಟಗಳಿಂದಷ್ಟೇ ಅಳೆಯುವ ಕ್ರಮ ಸಾಲದು. ಆ ಪುಟಗಳ ಹಿಂದೆ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿತ ಹೆಸರಿಲ್ಲದ ಮಕ್ಕಳಿದ್ದಾರೆ. ವಿದೇಶಿ ಗುರುವಿನ ಕನ್ನಡವನ್ನು ದಿನದಿನವೂ ಪರೀಕ್ಷೆಗೊಡ್ಡಿದವರು ಅವರೇ. ಮೋಗ್ಲಿಂಗರ ಚರಿತ್ರೆಯಲ್ಲಿ ಅವರಿಗೂ ಒಂದು ಸ್ಥಾನ ಸಲ್ಲಬೇಕು.